ಎತ್ತು ಏರಿಗೆ, ಕೋಣ ನೀರಿಗೆ: ಹನ್ನೊಂದು ಲಕ್ಷ ಮಂದಿ ಸೇರಿ ಆಡಿದ ಒಂದು ಆಟ

ಪರದೆಯ ಮೇಲೆ ಟೋಪಿ ಹಾಕಿದ ಒಬ್ಬ ಹುಡುಗ. ಬಲಕ್ಕೆ ಒಂದು ಹೆಜ್ಜೆ ಇಡುತ್ತಾನೆ. ತಕ್ಷಣ ಎಡಕ್ಕೆ ವಾಪಸ್ ಬರುತ್ತಾನೆ. ಗೋಡೆಗೆ ಎರಡು ಸಲ ಡಿಕ್ಕಿ ಹೊಡೆಯುತ್ತಾನೆ. ಚೀಲ ತೆಗೆಯುತ್ತಾನೆ. ಅದರಲ್ಲಿರುವ ಒಂದು ಕಲ್ಲನ್ನು ಬಳಸಲು ನೋಡುತ್ತಾನೆ. ಇದಕ್ಕೆ ಇದು ಸಮಯವಲ್ಲ ಅಂತ ಆಟ ಹೇಳುತ್ತದೆ. ಚೀಲ ಮುಚ್ಚುತ್ತಾನೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ತೆಗೆದು ಅದೇ ಕಲ್ಲನ್ನು ನೋಡುತ್ತಾನೆ.

ಪಕ್ಕದಲ್ಲಿ ಚಾಟ್ ಓಡುತ್ತಿದೆ. ಮೇಲೆ, ಕೆಳಗೆ, ಎ, ಬಿ, ಎಡಕ್ಕೆ, ಸ್ಟಾರ್ಟ್. ಓದಲು ಆಗದಷ್ಟು ವೇಗ. ಹುಡುಗನ ಒಂದೊಂದು ಹೆಜ್ಜೆಯೂ ಅಲ್ಲಿಂದಲೇ ಬರುತ್ತಿದೆ. ಆದರೆ ಯಾವ ಹೆಜ್ಜೆ ಯಾರದು ಅಂತ ಹೇಳಲು ಅಲ್ಲಿರುವ ಯಾರಿಗೂ ಸಾಧ್ಯವಿಲ್ಲ.

ಇದು 'ಟ್ವಿಚ್ ಪ್ಲೇಸ್ ಪೋಕೆಮಾನ್'. 2014ರ ಫೆಬ್ರವರಿ 12ರಂದು ಶುರುವಾಯಿತು, ಮಾರ್ಚ್ 1ರಂದು ಆಟ ಗೆದ್ದು ಮುಗಿಯಿತು. ಹದಿನಾರು ದಿನಕ್ಕಿಂತ ಸ್ವಲ್ಪ ಜಾಸ್ತಿ. ಹಗಲು ರಾತ್ರಿ ನಿಲ್ಲದೆ 390ಕ್ಕೂ ಹೆಚ್ಚು ಗಂಟೆ. ಒಬ್ಬರೇ ಕೂತು ಆಡಿದರೆ ಇದೇ ಆಟ ಇಪ್ಪತ್ತೈದು ಮೂವತ್ತು ಗಂಟೆಯಲ್ಲಿ ಮುಗಿಯುತ್ತದೆ.

ಫ್ಯಾನ್‌ಗಳು, ಪ್ರೇಕ್ಷಕರ ಪಾಲ್ಗೊಳ್ಳುವಿಕೆ ಅಂತ ಮಾತು ಬಂದಾಗ ಸಾಮಾನ್ಯವಾಗಿ ವೋಟಿಂಗ್ ನಡೆಸುವ ಟಿವಿ ಶೋಗಳು, ಟ್ರೆಂಡ್ ಮಾಡಿಸುವ ಹ್ಯಾಷ್‌ಟ್ಯಾಗ್‌ಗಳು ನೆನಪಾಗುತ್ತವೆ. ಅಲ್ಲೆಲ್ಲ ಕಥೆ ಬೇರೆ ಯಾರದೋ ಕೈಯಲ್ಲಿರುತ್ತದೆ. ಪ್ರೇಕ್ಷಕರಿಗೆ ಸಿಗುವುದು ಒಂದು ಚೂರು. ಈ ಪ್ರಕರಣದಲ್ಲಿ ಹಾಗಲ್ಲ. ಇಲ್ಲಿ ಪ್ರೇಕ್ಷಕರ ಕೈಗೆ ಇಡೀ ಆಟವನ್ನೇ ಕೊಟ್ಟುಬಿಟ್ಟಿದ್ದರು. ತಮಾಷೆ ಏನೆಂದರೆ, ಎಲ್ಲರಿಗೂ ಪೂರ್ತಿ ಅಧಿಕಾರ ಸಿಕ್ಕಿದ್ದರಿಂದಲೇ ಯಾರಿಗೂ ಏನೂ ಸಿಗಲಿಲ್ಲ. ಹಾಗಿದ್ದೂ ಜನ ಬಿಟ್ಟು ಹೋಗಲಿಲ್ಲ, ಹೆಚ್ಚುತ್ತಲೇ ಹೋದರು. ಅದು ಯಾಕೆ ಅನ್ನುವುದೇ ನನ್ನ ಕುತೂಹಲ.

ಯಂತ್ರ ಹೇಗಿತ್ತು

ಇದನ್ನು ಕಟ್ಟಿದ್ದು ಆಸ್ಟ್ರೇಲಿಯಾದ ಒಬ್ಬ ಪ್ರೋಗ್ರಾಮರ್. ಹೆಸರು ಹೇಳಿಕೊಳ್ಳಲಿಲ್ಲ. ತಂತ್ರಜ್ಞಾನ ಅಂಥ ದೊಡ್ಡದೇನಲ್ಲ. ಟ್ವಿಚ್ ಅಂದರೆ ಜನ ತಾವು ಗೇಮ್ ಆಡುವುದನ್ನು ನೇರ ಪ್ರಸಾರ ಮಾಡುವ ಜಾಲತಾಣ. ಪ್ರತಿ ಪ್ರಸಾರದ ಪಕ್ಕದಲ್ಲೂ ಒಂದು ಚಾಟ್ ಇರುತ್ತದೆ. ಅದು ಐಆರ್‌ಸಿ ಎಂಬ ಹಳೇ ಪದ್ಧತಿಯ ಮೇಲೆ ನಡೆಯುವುದರಿಂದ ಒಂದು ಚಿಕ್ಕ ಪ್ರೋಗ್ರಾಂ ಸಹ ಸುಲಭವಾಗಿ ಅದನ್ನು ಓದಬಹುದು. ಇವರು ಪೈಥಾನ್‌ನಲ್ಲಿ ಒಂದು ಬಾಟ್ ಬರೆದರು. ಚಾಟ್‌ನಲ್ಲಿ ಯಾರಾದರೂ ಬಟನ್ ಹೆಸರು ಟೈಪ್ ಮಾಡಿದರೆ, ಅದು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಗೇಮ್ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಂನಲ್ಲಿ, ಆ ಬಟನ್ ಒತ್ತುತ್ತದೆ. ಅಷ್ಟೇ.

ಆಟ 'ಪೋಕೆಮಾನ್ ರೆಡ್'. ಜಪಾನಿನಲ್ಲಿ 1996ರಲ್ಲಿ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಬಂದದ್ದು. ಒಬ್ಬ ಹುಡುಗ ಊರೂರು ತಿರುಗುತ್ತಾ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುತ್ತಾನೆ. ಎಂಟು ಪದಕ ಗಳಿಸಿ, ಕೊನೆಗೆ ಚಾಂಪಿಯನ್‌ನನ್ನು ಸೋಲಿಸಬೇಕು.

ಆಯ್ಕೆ ಸುಮ್ನೆ ಆದದ್ದಲ್ಲ. ಈ ಆಟಕ್ಕೆ ಅವಸರವಿಲ್ಲ. ಕಾದಾಟ ಸರದಿಯ ಮೇಲೆ ನಡೆಯುತ್ತದೆ. ನೀವು ಏನೂ ಒತ್ತದಿದ್ದರೆ ಎದುರಾಳಿಯೂ ಕಾಯುತ್ತಾನೆ. ಸೋತರೂ ಆಟ ಮುಗಿಯುವುದಿಲ್ಲ. ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗುತ್ತದೆ, ಹುಡುಗ ಹಿಂದಿನ ಊರಿನಲ್ಲಿ ಎಚ್ಚರವಾಗುತ್ತಾನೆ, ಅಷ್ಟೇ. ಹಾರಿ ಕುಣಿದು ಗುಂಡಿ ದಾಟಬೇಕಾದ ಆಟ ಆಗಿದ್ದರೆ ಮೊದಲ ಗುಂಡಿಯಲ್ಲೇ ಹದಿನಾರು ದಿನ ಕಳೆದುಹೋಗುತ್ತಿತ್ತು. ಮುಂದೆ 2015ರಲ್ಲಿ ಇದೇ ರೀತಿ ಬೇರೆಯವರು 'ಡಾರ್ಕ್ ಸೋಲ್ಸ್' ಎಂಬ ಕಠಿಣ, ಅವಸರದ ಆಟ ಆಡಿಸಲು ಹೋದಾಗ ಹೀಗೇ ಆಯಿತು. ಕೊನೆಗೆ ಪ್ರತಿ ಹೆಜ್ಜೆಗೂ ಆಟವನ್ನೇ ನಿಲ್ಲಿಸಿ, ವೋಟ್ ಎಣಿಸಿ ಮುಂದುವರಿಸಬೇಕಾಯಿತು.

ಇನ್ನೊಂದು ಮುಖ್ಯ ಸಂಗತಿ ಲ್ಯಾಗ್. ಆಟದಲ್ಲಿ ನಡೆದದ್ದು ನೋಡುವವರ ಪರದೆಗೆ ತಲುಪಲು ಸುಮಾರು 20ರಿಂದ 40 ಸೆಕೆಂಡ್ ಹಿಡಿಯುತ್ತಿತ್ತು. ಟೈಪ್ ಮಾಡಿದ್ದು ಮಾತ್ರ ಬೇಗ ಹೋಗಿ ಮುಟ್ಟುತ್ತಿತ್ತು. ಅಂದರೆ ನೀವು ನೋಡುತ್ತಿರುವ ಹುಡುಗ ಅರ್ಧ ನಿಮಿಷದ ಹಿಂದಿನವನು. ನಿಮ್ಮ ಆಜ್ಞೆ ಹೋಗುವುದು ಈಗಿನವನಿಗೆ. ಅವನು ಈಗ ಎಲ್ಲಿದ್ದಾನೋ ನಿಮಗೆ ಗೊತ್ತಿಲ್ಲ.

ಒಂದು ಸಣ್ಣ ಕಟ್ಟೆ

ಈ ಆಟದ ದಾರಿಗಳಲ್ಲಿ ಅಲ್ಲಲ್ಲಿ ಕಟ್ಟೆಗಳಿವೆ. ಮೇಲಿಂದ ಕೆಳಗೆ ಹಾರಬಹುದು. ಕೆಳಗಿಂದ ಮೇಲೆ ಹತ್ತಲು ಆಗುವುದಿಲ್ಲ, ಸುತ್ತಿ ಬರಬೇಕು. ರೂಟ್ 9 ಎಂಬಲ್ಲಿ ಅಂಥ ಕಟ್ಟೆಯ ಮೇಲೆ ಉದ್ದಕ್ಕೆ ನಡೆದುಹೋಗಬೇಕು. ಮಕ್ಕಳು ಹತ್ತು ಸೆಕೆಂಡಿನಲ್ಲಿ ದಾಟುವ ಜಾಗ. ಇಲ್ಲಿ ಗಂಟೆಗಟ್ಟಲೆ ಹಿಡಿಯಿತು.

ಆಗ ಎಲ್ಲರೂ ಬೈದದ್ದು ಟ್ರೋಲ್‌ಗಳನ್ನು. ಬೇಕಂತಲೇ 'ಕೆಳಗೆ' ಅಂತ ಒತ್ತಿ ಕೆಡಿಸುವವರು ಇದ್ದರು, ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹದಿನೈದು ಹೆಜ್ಜೆ ನಡೆಯಬೇಕು ಅಂದುಕೊಳ್ಳೋಣ. ಬರುವ ಆಜ್ಞೆಗಳಲ್ಲಿ ನೂರಕ್ಕೆ ಐದು ಮಾತ್ರ 'ಕೆಳಗೆ'. ಆಗಲೂ ಬೀಳದೆ ದಾಟುವ ಸಾಧ್ಯತೆ ನೂರಕ್ಕೆ 46. ನೂರಕ್ಕೆ ಹತ್ತು ಆದರೆ 21. ನೂರಕ್ಕೆ ಇಪ್ಪತ್ತು ಆದರೆ ಮೂರೂವರೆ. ನಡುವೆ 'ಎಡಕ್ಕೆ' ಅಂದವರನ್ನೂ ಸೇರಿಸಿದರೆ ಇನ್ನೂ ಕಮ್ಮಿ. ಬಲಕ್ಕೆ ಹೋಗಲು ಬಹುಮತ ಇದ್ದರೆ ಸಾಲದು, ಹೆಚ್ಚುಕಮ್ಮಿ ಎಲ್ಲರೂ ಒಪ್ಪಬೇಕು. ಕೆಳಗೆ ಬೀಳಲು ಒಬ್ಬ ಸಾಕು. ಕಟ್ಟುವುದಕ್ಕೆ ಊರೆಲ್ಲ ಬೇಕು, ಕೆಡವುವುದಕ್ಕೆ ಒಂದು ಬೆರಳು.

ಆ ಒಬ್ಬ ಕೆಟ್ಟವನೇ ಆಗಬೇಕಿಲ್ಲ. ಅರ್ಧ ನಿಮಿಷದ ಹಿಂದಿನ ಚಿತ್ರ ನೋಡಿ, ಆ ಕ್ಷಣಕ್ಕೆ ಸರಿಯಾಗಿದ್ದ ಬಟನ್ ಒತ್ತಿದವನೂ ಆಗಿರಬಹುದು. ಅವನ ತಪ್ಪು ಇಷ್ಟೇ, ತಡವಾಗಿ ಸರಿಯಾಗಿದ್ದದ್ದು. ಹೊರಗಿಂದ ನೋಡುವವರಿಗೆ ಟ್ರೋಲ್ ಯಾರು, ಪಾಪದವನು ಯಾರು ಗೊತ್ತಾಗುವುದಿಲ್ಲ. ಚಾಟ್‌ನಲ್ಲಿ ಇಬ್ಬರದೂ ಒಂದೇ ಪದ. ಆನ್‌ಲೈನ್ ಗುಂಪುಗಳಲ್ಲಿ ನಡೆಯುವ ಎಷ್ಟೋ ಜಗಳಗಳು ನನಗೆ ಈ ಕಟ್ಟೆಯನ್ನೇ ನೆನಪಿಸುತ್ತವೆ. ದ್ವೇಷ ಅಂತ ಕಾಣುವುದರಲ್ಲಿ ಎಷ್ಟು ಭಾಗ ಬರೀ ಲ್ಯಾಗ್ ಇರಬಹುದು, ಅಲ್ವಾ?

ನಿಧಾನಕ್ಕೆ ಜನ ಕಲಿತರು. ಈಗ ಕಾಣುವುದಕ್ಕೆ ಒತ್ತಬಾರದು, ಮುಂದೆ ಆಗುವುದಕ್ಕೆ ಒತ್ತಬೇಕು. ಕಟ್ಟೆ ಹತ್ತಿರ ಬಂದಾಗ 'ಮೇಲೆ' ಅಂತ ಒತ್ತಿದರೆ ನಷ್ಟವಿಲ್ಲ, ಅಲ್ಲಿ ಗೋಡೆ ಇದ್ದರೆ ಹುಡುಗ ಸುಮ್ಮನೆ ನಿಲ್ಲುತ್ತಾನೆ. ಇಂಥ ಉಪಾಯಗಳನ್ನು ನಕ್ಷೆ ಬರೆದು, ಬಾಣ ಹಾಕಿ ಹಂಚಿದರು. ಇದೆಲ್ಲ ನಡೆದದ್ದು ಟ್ವಿಚ್‌ನ ಚಾಟ್‌ನಲ್ಲಿ ಅಲ್ಲ. ಅಲ್ಲಿ ಒಂದು ವಾಕ್ಯ ಹೇಳುವಷ್ಟರಲ್ಲಿ ನೂರು ಸಾಲು ಮೇಲೆ ಹೋಗುತ್ತಿತ್ತು. ಯೋಜನೆಗಳೆಲ್ಲ ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ, ಹಂಚಿಕೊಂಡ ಗೂಗಲ್ ಡಾಕ್‌ಗಳಲ್ಲಿ ನಡೆದವು. ಆಟದ ಬಟನ್ ಒಂದು ಕಡೆ, ಆಟದ ತಲೆ ಇನ್ನೊಂದು ಕಡೆ.

ಕಲ್ಲು ದೇವರಾದದ್ದು

ಶುರುವಿನಲ್ಲಿ ಹೇಳಿದ ಕಲ್ಲಿಗೆ ಬರೋಣ. ಆಟದ ಮೊದಲ ಭಾಗದಲ್ಲಿ ಒಂದು ಗುಹೆ ಇದೆ. ಅಲ್ಲಿ ಎರಡು ಪಳೆಯುಳಿಕೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹೆಲಿಕ್ಸ್ ಅಥವಾ ಡೋಮ್. ಗುಂಪಿನ ಕೈಗೆ ಸಿಕ್ಕಿದ್ದು ಹೆಲಿಕ್ಸ್.

ಆಟದ ನಿಯಮದ ಪ್ರಕಾರ ಇದು ಎಸೆಯಲು ಬಾರದ ವಸ್ತು. ತುಂಬಾ ಹೊತ್ತಿನ ತನಕ ಇದರಿಂದ ಉಪಯೋಗವೂ ಇಲ್ಲ. ಬಟನ್‌ಗಳು ಯದ್ವಾತದ್ವಾ ಒತ್ತುತ್ತಿರುವಾಗ ಚೀಲ ಆಗಾಗ ತೆರೆದುಕೊಳ್ಳುತ್ತಿತ್ತು. ಬೇರೆ ಸಾಮಾನುಗಳು ಕೈತಪ್ಪಿ ಹೋಗುತ್ತಿದ್ದವು, ಖರ್ಚಾಗುತ್ತಿದ್ದವು. ಕಲ್ಲು ಮಾತ್ರ ಅಲ್ಲೇ ಇರುತ್ತಿತ್ತು. ಹೀಗಾಗಿ ಯುದ್ಧದ ನಡುವೆಯೂ, ದಾರಿ ತಪ್ಪಿದಾಗಲೂ ಹುಡುಗ ಮತ್ತೆ ಮತ್ತೆ ಅದನ್ನೇ ತೆಗೆದು ನೋಡುವ ಹಾಗೆ ಕಾಣುತ್ತಿತ್ತು.

ಇದಕ್ಕೆ ಅರ್ಥ ಇಲ್ಲ. ಆದರೆ ನೋಡುವವರು ಬಿಡಲಿಲ್ಲ. ಹುಡುಗ ಕಲ್ಲನ್ನು ಕೇಳುತ್ತಿದ್ದಾನೆ ಅಂದರು. ಕಷ್ಟ ಬಂದಾಗ ದಾರಿ ತೋರಿಸು ಅಂತ ಬೇಡುತ್ತಿದ್ದಾನೆ ಅಂದರು. ಕೆಲವೇ ದಿನಗಳಲ್ಲಿ 'ಲಾರ್ಡ್ ಹೆಲಿಕ್ಸ್' ದೇವರಾಯಿತು. ಚಿತ್ರಗಳು ಬಂದವು, ಸ್ತೋತ್ರಗಳು ಬಂದವು, ಗ್ರಂಥದ ಶೈಲಿಯ ಅಧ್ಯಾಯಗಳು ಬಂದವು. ಆರಿಸದೇ ಬಿಟ್ಟ ಡೋಮ್ ಪಳೆಯುಳಿಕೆ ತಾನಾಗಿಯೇ ದುಷ್ಟಶಕ್ತಿ ಆಯಿತು.

ಪ್ರಾಣಿಗಳಿಗೂ ಹೀಗೇ. ಹೆಸರಿಡುವ ಪರದೆಯಲ್ಲಿ ಗುಂಪು ಏನು ಟೈಪ್ ಮಾಡಲು ಸಾಧ್ಯ? ಮೊದಲ ಪ್ರಾಣಿಗೆ 'ಎಬಿಬಿಬಿಬಿಬಿಬಿಕೆ' ಮತ್ತು ಒಂದು ಕಂಸ ಅಂತ ಹೆಸರು ಬಿತ್ತು. ಫ್ಯಾನ್‌ಗಳು ಅದನ್ನು ಮುದ್ದಾಗಿ 'ಆಬಿ' ಅಂದರು. ಒಂದು ಹಕ್ಕಿ ಸೋಲುವ ಹೊತ್ತಿನಲ್ಲೆಲ್ಲ ಬಂದು ಗೆಲ್ಲಿಸುತ್ತಿತ್ತು. ಅದು 'ಬರ್ಡ್ ಜೀಸಸ್' ಆಯಿತು. ನೆಲ ತೋಡುವ ವಿದ್ಯೆ ಕಲಿತ ಒಂದು ಇಲಿ ಇತ್ತು. ಕಷ್ಟಪಟ್ಟು ಒಳಗೆ ಹೋದ ಜಾಗದಿಂದ ಬಿಲ ತೋಡಿ ಎಲ್ಲರನ್ನೂ ಹೊರಗೆ ತಂದುಬಿಡುತ್ತಿತ್ತು. ಅದಕ್ಕೆ 'ಡಿಗ್‌ರ್ಯಾಟ್' ಅಂತ ಕರೆದು ಶಪಿಸಿದರು.

ಮೊದಲ ದೊಡ್ಡ ದುರಂತವೂ ಬೇಗನೇ ಬಂತು. ಮುಂದೆ ಹೋಗಲು ನೀರಿನಲ್ಲಿ ಈಜುವ ಪ್ರಾಣಿ ಬೇಕಿತ್ತು. ಈವಿ ಎಂಬ ಮರಿ ಸಿಕ್ಕಿತು. ನೀರಿನ ಕಲ್ಲು ಕೊಟ್ಟರೆ ಅದು ನೀರಿನ ಪ್ರಾಣಿ ಆಗುತ್ತದೆ. ಅಂಗಡಿಗೆ ಹೋದ ಗುಂಪು ಕೊಂಡದ್ದು ಬೆಂಕಿಯ ಕಲ್ಲು. ಈವಿ ಫ್ಲೇರಿಯಾನ್ ಆಯಿತು. ಈಜು ಬರದು. ಈ ಗಲಾಟೆಯಲ್ಲಿ ಪ್ರಾಣಿಗಳನ್ನು ಇಟ್ಟು ತೆಗೆಯುವ ಕಂಪ್ಯೂಟರ್ ಮುಂದೆ ಹೋದಾಗ ಕೈತಪ್ಪಿ ಆಬಿಯನ್ನೇ ಬಿಟ್ಟುಬಿಟ್ಟರು, ಜೊತೆಗೆ ಇನ್ನೊಂದು ಪ್ರಾಣಿಯನ್ನೂ. ಬಿಟ್ಟ ಪ್ರಾಣಿ ವಾಪಸ್ ಬರುವುದಿಲ್ಲ.

ತಪ್ಪು ಯಾರದು? ಸಾವಿರಾರು ಮಂದಿಯದು. ಅಂದರೆ ಯಾರದೂ ಅಲ್ಲ. ಆದರೆ ದುಃಖಕ್ಕೆ ಒಂದು ವಿಳಾಸ ಬೇಕಲ್ಲ. ಎಲ್ಲರೂ ಸೇರಿ ಫ್ಲೇರಿಯಾನ್ ಮೇಲೆ ಹಾಕಿದರು. ಅದು 'ಸುಳ್ಳು ಪ್ರವಾದಿ', ಡೋಮ್ ಕಳಿಸಿದ ದ್ರೋಹಿ ಆಯಿತು. ಪಾಪ, ಅದು ಅಂಗಡಿಯಲ್ಲಿ ಏನನ್ನೂ ಕೊಂಡಿರಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಇಲ್ಲಿದೆ. ಹುಡುಗನನ್ನು ನಡೆಸಲು ಜನರಿಗೆ ಆಗುತ್ತಿರಲಿಲ್ಲ. ಅವನು ಯಾಕೆ ಹಾಗೆ ನಡೆದ ಅಂತ ಹೇಳಲು ಆಗುತ್ತಿತ್ತು. ಕೈಗೆ ಸಿಗದ್ದನ್ನು ಬಾಯಿಗೆ ತಂದುಕೊಂಡರು. ಬಟನ್ ಒತ್ತಿದರೆ ನಿಮ್ಮದು ಸಾವಿರದಲ್ಲಿ ಒಂದು, ಕಳೆದುಹೋಗುತ್ತದೆ. ಒಂದು ಒಳ್ಳೇ ಹೆಸರು ಇಟ್ಟರೆ, ಒಂದು ಚಿತ್ರ ಬರೆದರೆ ಉಳಿಯುತ್ತದೆ, ನಾಳೆ ಎಲ್ಲರೂ ಅದನ್ನೇ ಹೇಳುತ್ತಾರೆ. ಹಾಗಾಗಿ ಮನಸ್ಸಿದ್ದವರು ಅಲ್ಲಿಗೆ ಹೋದರು.

ಮಾಧ್ಯಮ ಅಧ್ಯಯನದ ಹೆನ್ರಿ ಜೆಂಕಿನ್ಸ್ ಫ್ಯಾನ್‌ಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದವರು. ಅವರು ಎರಡು ಮಾತುಗಳನ್ನು ಬೇರೆ ಮಾಡುತ್ತಾರೆ. ಯಂತ್ರ ನಿಮ್ಮ ಒತ್ತುವಿಕೆಗೆ ಉತ್ತರ ಕೊಡುವುದು ಒಂದು. ಅದನ್ನು ಯಂತ್ರ ಮಾಡಿದವರು ನಿರ್ಧರಿಸುತ್ತಾರೆ. ಜನ ಸೇರಿ ತಮ್ಮದೇ ರೂಢಿ ಕಟ್ಟಿಕೊಂಡು ಪಾಲ್ಗೊಳ್ಳುವುದು ಇನ್ನೊಂದು. ಅದು ಜನರ ಕೈಯಲ್ಲಿರುತ್ತದೆ. ಎರಡನ್ನೂ ನಾವು 'ಇಂಟರಾಕ್ಟಿವ್' ಎಂಬ ಒಂದೇ ಡಬ್ಬಿಗೆ ಹಾಕುತ್ತೇವೆ. ಇಲ್ಲಿ ಅವೆರಡೂ ಎಷ್ಟು ದೂರ ಇದ್ದವು ನೋಡಿ. ಮೊದಲನೆಯದು ಹೆಚ್ಚುಕಮ್ಮಿ ಕೆಟ್ಟುಹೋಗಿತ್ತು. ಎರಡನೆಯದು ಹಬ್ಬ ಮಾಡುತ್ತಿತ್ತು.

ವೋಟ್ ಹಾಕಿ ಅಂದಾಗ ಆದ ಜಗಳ

ರಾಕೆಟ್ ಹೈಡ್‌ಔಟ್ ಎಂಬ ನೆಲಮಾಳಿಗೆ. ಅಲ್ಲಿ ನೆಲದಲ್ಲಿ ಬಾಣದ ಹಲಗೆಗಳು. ಕಾಲಿಟ್ಟರೆ ಜಾರಿಸಿಕೊಂಡು ಬೇರೆಲ್ಲಿಗೋ ಒಯ್ಯುತ್ತವೆ. ಗುಂಪು ಅಲ್ಲಿ ಒಂದು ದಿನಕ್ಕಿಂತ ಜಾಸ್ತಿ ಸಿಕ್ಕಿಬಿತ್ತು. ಆಗ ಪ್ರೋಗ್ರಾಮರ್ ನಿಯಮ ಬದಲಾಯಿಸಿದರು.

ಹೊಸ ವ್ಯವಸ್ಥೆಯ ಹೆಸರು 'ಡೆಮಾಕ್ರಸಿ'. ಕೆಲವು ಸೆಕೆಂಡುಗಳ ಕಾಲ ಆಜ್ಞೆಗಳನ್ನು ಎಣಿಸುವುದು, ಯಾವುದಕ್ಕೆ ಜಾಸ್ತಿ ಮತವೋ ಅದನ್ನು ಮಾತ್ರ ನಡೆಸುವುದು. ಬಟನ್ ಪಕ್ಕ ಸಂಖ್ಯೆ ಹಾಕಿದರೆ ಅಷ್ಟು ಸಲ ಒತ್ತಿದ ಹಾಗೆ. ಕೇಳಲು ಎಷ್ಟು ಸರಿಯಾಗಿದೆ! ಟ್ರೋಲ್‌ಗಳು ಸೋಲುತ್ತಾರೆ, ಕಟ್ಟೆಯಿಂದ ಬೀಳುವುದಿಲ್ಲ, ಗೋಜಲು ದಾಟಬಹುದು.

ಜನ ಸಿಟ್ಟಾದರು. ಸಣ್ಣ ಸಿಟ್ಟಲ್ಲ. 'ಸ್ಟಾರ್ಟ್9' ಅಂತ ವೋಟ್ ಹಾಕತೊಡಗಿದರು. ಅದು ಗೆದ್ದರೆ ಸ್ಟಾರ್ಟ್ ಬಟನ್ ಒಂಬತ್ತು ಸಲ ಒತ್ತಿ ಮೆನು ತೆರೆಯುತ್ತಾ ಮುಚ್ಚುತ್ತಾ ಇರುತ್ತದೆ, ಬೇರೇನೂ ಆಗುವುದಿಲ್ಲ. ಸುತ್ತಿನ ಮೇಲೆ ಸುತ್ತು ಅದೇ ಗೆದ್ದಿತು. ಹುಡುಗ ನಿಂತಲ್ಲೇ ನಿಂತ. ಮತದಾನ ಬೇಡ ಅಂತ ಹೇಳಲು ಮತದಾನವನ್ನೇ ಬಳಸಿದರು. ಚಳವಳಿ ಅಂದರೆ ಇದಪ್ಪಾ!

ಕೊನೆಗೆ ಪ್ರೋಗ್ರಾಮರ್ ರಾಜಿಗೆ ಬಂದರು. ಹಳೆಯ ಪದ್ಧತಿಗೆ 'ಅನಾರ್ಕಿ' ಅಂತ ಹೆಸರಿಟ್ಟು, ಎರಡರ ನಡುವೆ ಒಂದು ಅಳತೆಪಟ್ಟಿ ಇಟ್ಟರು. ಯಾವ ಕಡೆ ಬೇಕೋ ಚಾಟ್‌ನಲ್ಲಿ ಹೇಳಿ, ಮುಳ್ಳು ಆ ಕಡೆ ವಾಲುತ್ತದೆ. ಡೆಮಾಕ್ರಸಿ ಬರಲು ಬರೀ ಅರ್ಧಕ್ಕಿಂತ ಜಾಸ್ತಿ ಸಾಲದು, ಭಾರೀ ಬಹುಮತ ಬೇಕು. ಅಲ್ಲಿಂದ ಮುಂದೆ ಆಟದ ಒಳಗೆ ಇನ್ನೊಂದು ಆಟ ಶುರುವಾಯಿತು. ಫ್ಯಾನ್‌ಗಳು ಅನಾರ್ಕಿಯನ್ನು ಹೆಲಿಕ್ಸ್‌ಗೆ, ಡೆಮಾಕ್ರಸಿಯನ್ನು ಡೋಮ್‌ಗೆ ಕಟ್ಟಿದರು. ನಿಯಮದ ಬದಲಾವಣೆಯೂ ಕಥೆಯ ಹೊಟ್ಟೆಗೆ ಹೋಯಿತು.

ವಿರೋಧಕ್ಕೆ ಎರಡು ಕಾರಣ ಅನಿಸುತ್ತದೆ. ಒಂದು, ಬೇಸರ. ಡೆಮಾಕ್ರಸಿಯಲ್ಲಿ ಒಂದು ಹೆಜ್ಜೆಗೆ ಅಷ್ಟು ಹೊತ್ತು ಕಾಯಬೇಕು, ಹೆಜ್ಜೆ ಬಂದಾಗ ಅದು ನಿರೀಕ್ಷಿಸಿದ್ದೇ ಆಗಿರುತ್ತದೆ. ಅಪಘಾತ ಇಲ್ಲ. ಅಪಘಾತ ಇಲ್ಲದಿದ್ದರೆ ಹೊಸ ದೇವರಿಲ್ಲ, ಹೊಸ ದ್ರೋಹಿಯಿಲ್ಲ. ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸುವುದು. ಗೆದ್ದರೆ ಅದು ಕಷ್ಟದ ದಾರಿಯಲ್ಲೇ ಗೆಲ್ಲಬೇಕು ಅನ್ನುವ ಹಠ. ಯಾವುದೇ ಫ್ಯಾನ್ ಬಳಗದಲ್ಲಿ ಈ ಹಠ ಕಾಣುತ್ತದೆ. ಶುರುವಿನಿಂದ ಇದ್ದವರಿಗೆ ನಿಯಮ ಸಲೀಸು ಮಾಡಿದರೆ ಉಪಕಾರ ಅನಿಸುವುದಿಲ್ಲ, ತಾವು ಪಟ್ಟ ಪಾಡನ್ನು ಅಗ್ಗ ಮಾಡಿದ ಹಾಗೆ ಅನಿಸುತ್ತದೆ.

ಅವರು ಪೂರ್ತಿ ಸರಿ ಅಂತ ನಾನು ಹೇಳುವುದಿಲ್ಲ. ಸಫಾರಿ ಜೋನ್ ಎಂಬ ಜಾಗದಲ್ಲಿ ಒಳಗೆ ಹೋಗಲು ಪ್ರತಿ ಸಲ ಆಟದ ಹಣ ಕೊಡಬೇಕು, ಐನೂರು ಹೆಜ್ಜೆ ಮುಗಿದರೆ ಹೊರಗೆ ಹಾಕುತ್ತಾರೆ. ಅಲ್ಲಿ ಹಠಕ್ಕೆ ಬೆಲೆ ಇಲ್ಲ. ಡೆಮಾಕ್ರಸಿಯೇ ದಾಟಿಸಿತು. ಅನಾರ್ಕಿಯವರ ಹೆಮ್ಮೆಯ ಗೆಲುವಿನಲ್ಲಿ ಆ ಕಡೆಯವರ ಬೆವರೂ ಇದೆ. ಹಾಡುಗಳಲ್ಲಿ ಮಾತ್ರ ಅದು ಬರಲಿಲ್ಲ.

ಇನ್ನೊಂದನ್ನೂ ಗಮನಿಸಬೇಕು. ಅನಾರ್ಕಿ ಅಂದರೂ ಡೆಮಾಕ್ರಸಿ ಅಂದರೂ ಸ್ವಿಚ್ ಇದ್ದದ್ದು ಒಬ್ಬರ ಮನೆಯ ಕಂಪ್ಯೂಟರ್‌ನಲ್ಲಿ. ಎಷ್ಟು ಬಹುಮತ ಬೇಕು, ಎಷ್ಟು ಸೆಕೆಂಡ್ ಎಣಿಸಬೇಕು, ಎಲ್ಲ ಅವರೇ ತೀರ್ಮಾನಿಸಿದ್ದು. ಅವರು ಜನರ ಮಾತು ಕೇಳಿದರು, ಅದು ಅವರ ಒಳ್ಳೇತನ. ಕೇಳದಿದ್ದರೆ ಜನ ಮಾಡಬಹುದಾಗಿದ್ದದ್ದು ಎರಡೇ, ಸ್ಟಾರ್ಟ್9 ಅಥವಾ ಟ್ಯಾಬ್ ಮುಚ್ಚುವುದು. ದೊಡ್ಡ ಜಾಲತಾಣಗಳಲ್ಲಿ ಫ್ಯಾನ್‌ಗಳ ಪರಿಸ್ಥಿತಿಯೂ ಇದೇ. ಅಲ್ಲಿ ಸ್ವಿಚ್ ಹತ್ತಿರ ಕೂತವರ ಸುಳಿವೂ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಷ್ಟು ಮಂದಿ, ಯಾರು

ಟ್ವಿಚ್‌ನ ಅಂದಾಜಿನ ಪ್ರಕಾರ 11.6 ಲಕ್ಷಕ್ಕೂ ಹೆಚ್ಚು ಮಂದಿ ಆಜ್ಞೆ ಕೊಟ್ಟರು. ಒಬ್ಬರೇ ಆಡುವ ಆಟವನ್ನು ಆನ್‌ಲೈನ್‌ನಲ್ಲಿ ಅತಿ ಹೆಚ್ಚು ಮಂದಿ ಸೇರಿ ಆಡಿದ್ದು ಅಂತ ಗಿನ್ನೆಸ್ ದಾಖಲೆಗೂ ಹೋಯಿತು. ಒಂದು ಹಂತದಲ್ಲಿ ಒಟ್ಟಿಗೆ 1,21,000 ಮಂದಿ ಇದ್ದರು. ಅಷ್ಟು ಸಂದೇಶ ತಡೆದುಕೊಳ್ಳಲು ಟ್ವಿಚ್‌ನ ಚಾಟ್ ವ್ಯವಸ್ಥೆಯೇ ಏದುಸಿರು ಬಿಟ್ಟಿತು.

ಆದರೆ ಸರಾಸರಿ ನೋಡಿದರೆ ಯಾವುದೇ ಹೊತ್ತಿನಲ್ಲಿ ಇದ್ದ 80,000ಕ್ಕೂ ಹೆಚ್ಚು ಮಂದಿಯಲ್ಲಿ ಟೈಪ್ ಮಾಡುತ್ತಿದ್ದವರು ಸುಮಾರು ನೂರಕ್ಕೆ ಹತ್ತು. ಉಳಿದ ತೊಂಬತ್ತು ಮಂದಿ ಸುಮ್ನೆ ನೋಡುತ್ತಿದ್ದರು. ಜನ ಜಾಲತಾಣಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಹೇಳಿದ ಒಂದು ಲೆಕ್ಕ ಈಗಲೂ ಓಡಾಡುತ್ತದೆ. ಆನ್‌ಲೈನ್ ಗುಂಪಿನಲ್ಲಿ 90 ಮಂದಿ ನೋಡುತ್ತಾರೆ, 9 ಮಂದಿ ಆಗಾಗ ಏನೋ ಸೇರಿಸುತ್ತಾರೆ, ಒಬ್ಬ ಎಲ್ಲ ಮಾಡುತ್ತಾನೆ ಅನ್ನುವುದು. ಬಟನ್ ಹೆಸರು ಟೈಪ್ ಮಾಡುವಷ್ಟು ಸುಲಭದ ಕೆಲಸದಲ್ಲೂ ಹತ್ತಿರ ಹತ್ತಿರ ಅದೇ ಅನುಪಾತ ಬಂತು.

ಆ ತೊಂಬತ್ತು ಮಂದಿಯನ್ನು 'ಸುಮ್ಮನಿದ್ದವರು' ಅಂತ ತಳ್ಳಿಹಾಕುವ ಅಭ್ಯಾಸ ಇದೆ. ಈ ಪ್ರಕರಣ ನೋಡಿದ ಮೇಲೆ ನನಗೆ ಅದು ಸರಿ ಅನಿಸುವುದಿಲ್ಲ. ಬಟನ್ ಒತ್ತಿದ ಹತ್ತು ಮಂದಿ ಎಲ್ಲರೂ ಸೇರಿ ಗೊಂದಲ ತಯಾರು ಮಾಡಿದರು. ಅದನ್ನು ನೋಡಿ, ನಕ್ಕು, ನೆನಪಿಟ್ಟುಕೊಂಡು, ಬೇರೆ ಕಡೆ ಹೋಗಿ ಹೇಳಿದವರಿಂದ ಅದು ಘಟನೆ ಆಯಿತು. ಆಟದ ಈಗಿನ ಸ್ಥಿತಿ ಬರೆದಿಡುತ್ತಿದ್ದವರು ಇದ್ದರು. ಜನ ಮಲಗಿ ಎದ್ದಾಗ ರಾತ್ರಿ ಏನಾಯಿತು ಅಂತ ಹೇಳಲು ಯಾರಾದರೂ ಬೇಕಲ್ಲ. ಆ ಕೆಲಸಕ್ಕೆ ಬಟನ್ ಒತ್ತಬೇಕಿರಲಿಲ್ಲ.

ಮೂರು ವರ್ಷದ ಮೇಲೆ, 2017ರ ಏಪ್ರಿಲ್‌ನಲ್ಲಿ, ರೆಡ್ಡಿಟ್ 'ಪ್ಲೇಸ್' (ಇಲ್ಲಿ ಜಾಗ ಎಂಬ ಅರ್ಥದ ಪದ) ಎಂಬ ಪ್ರಯೋಗ ಮಾಡಿತು. ಸಾವಿರಕ್ಕೆ ಸಾವಿರ ಚುಕ್ಕಿಗಳ ಒಂದು ಹಾಳೆ, ಹದಿನಾರು ಬಣ್ಣ, 72 ಗಂಟೆ. ಒಬ್ಬರು ಒಂದು ಚುಕ್ಕಿ ಇಟ್ಟ ಮೇಲೆ ಕೆಲವು ನಿಮಿಷ ಕಾಯಬೇಕು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಅಲ್ಲೂ ಜಗಳ, ಅಲ್ಲೂ ಒಪ್ಪಂದ. ಆದರೆ ಅಲ್ಲಿ ನೀವಿಟ್ಟ ಚುಕ್ಕಿ ನೀವಿಟ್ಟಲ್ಲೇ ಇರುತ್ತದೆ, ಯಾರೋ ಅಳಿಸುವ ತನಕ. ಜನ ಧ್ವಜ ಬರೆದರು, ಲಾಂಛನ ಬರೆದರು, ಗಡಿ ಕಾದರು. ಹಿಡಿತ ಸಿಕ್ಕಾಗ ಜನ ತಮಗೆ ಮೊದಲೇ ಗೊತ್ತಿದ್ದ ಗುರುತುಗಳನ್ನು ಬರೆಯುತ್ತಾರೆ. ಹಿಡಿತ ಸಿಗದಿದ್ದಾಗ ಇಲ್ಲದ ದೇವರನ್ನು ಹುಟ್ಟಿಸುತ್ತಾರೆ. ನನಗೆ ಎರಡನೆಯದೇ ಜಾಸ್ತಿ ಇಷ್ಟ. ಇದು ರುಚಿಯ ಮಾತು, ವಾದ ಅಲ್ಲ.

ಭಾನುವಾರ, ಮತ್ತು ಆಮೇಲೆ

ಫೆಬ್ರವರಿ 23, ಭಾನುವಾರ. ಗುಂಪು ಝಾಪ್ಡೋಸ್ ಎಂಬ ಅಪರೂಪದ ಮಿಂಚಿನ ಹಕ್ಕಿಯನ್ನು ಹಿಡಿದಿತ್ತು. ಅದೂ ಆಟದಲ್ಲಿ ಒಂದೇ ಒಂದು ಸಿಗುವ, ಗುರಿ ತಪ್ಪದ ಮಾಸ್ಟರ್ ಬಾಲ್ ಬಳಸಿ. ಈ ಗುಂಪಿನ ಮಟ್ಟಿಗೆ ಪವಾಡವೇ. ಆದರೆ ತಂಡದಲ್ಲಿ ಜಾಗ ಇಲ್ಲದ್ದರಿಂದ ಹಕ್ಕಿ ಕಂಪ್ಯೂಟರ್‌ಗೆ ಹೋಯಿತು. ಅದನ್ನು ಹೊರತೆಗೆಯಬೇಕು. ಕಂಪ್ಯೂಟರ್ ಅಂದರೆ ಆಬಿ ಹೋದ ಜಾಗ. ಎಲ್ಲರಿಗೂ ಭಯ.

ಭಯಪಟ್ಟಂತೆಯೇ ಆಯಿತು. ಝಾಪ್ಡೋಸ್ ಹೊರಬಂತು. ಅಷ್ಟರಲ್ಲಿ ಹನ್ನೆರಡು ಪ್ರಾಣಿಗಳು ಕೈಬಿಟ್ಟು ಹೋಗಿದ್ದವು. ಅದಕ್ಕೆ 'ಬ್ಲಡಿ ಸಂಡೆ' ಅಂತ ಹೆಸರಾಯಿತು. ಫ್ಯಾನ್ ಚಿತ್ರಗಳಲ್ಲಿ ಅತ್ಯಂತ ದುಃಖದವು ಆ ದಿನದವು. ಎಲ್ಲೋ ಕೂತ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ, ಕೆಲವು ಕಪ್ಪುಬಿಳುಪು ಚುಕ್ಕಿಗಳಿಗಾಗಿ ಶೋಕಗೀತೆ ಬರೆದರು.

ಆ ದಿನಗಳಲ್ಲಿ ಕಥೆ ಬೇಗ ಓಡಿತು. ಪಳೆಯುಳಿಕೆಗೆ ಜೀವ ಕೊಡುವ ಪ್ರಯೋಗಾಲಯ ಆಟದಲ್ಲಿದೆ. ಅಲ್ಲಿ ಹೆಲಿಕ್ಸ್ ಕಲ್ಲು ನಿಜವಾಗಿಯೂ ಪ್ರಾಣಿಯಾಗಿ ಎದ್ದು ತಂಡಕ್ಕೆ ಸೇರಿತು. ದೇವರು ಅವತರಿಸಿದ ದಿನ ಚಾಟ್ ಹೇಗಿತ್ತು ಅಂತ ನೀವೇ ಊಹಿಸಿ. ಮೂಲ ಆಟ ಬರೆದವರಿಗೆ ಇದು ಒಂದು ಸಣ್ಣ ಸೌಲಭ್ಯ. ಅಷ್ಟು ದಿನ ಪೂಜೆ ಮಾಡಿದವರಿಗೆ ಬೇರೆಯೇ.

ಕೊನೆಯ ಘಟ್ಟದಲ್ಲಿ ನಾಲ್ವರು ಘಟಾನುಘಟಿಗಳು, ಅವರ ಹಿಂದೆ ಚಾಂಪಿಯನ್. ಸಾಲಾಗಿ ಎಲ್ಲರನ್ನೂ ಒಂದೇ ಉಸಿರಿಗೆ ಸೋಲಿಸಬೇಕು. ಸೋತರೆ ಮೊದಲಿಂದ. ಮತ್ತೆ ಮತ್ತೆ ಸೋತರು. ಒಂದು ಸಲ ವೀನೊಮಾತ್ ಎಂಬ ಚಿಟ್ಟೆಯಂಥ ಪ್ರಾಣಿ ಡ್ರ್ಯಾಗನೈಟ್ ಎಂಬ ದೈತ್ಯನನ್ನು ಬೀಳಿಸಿತು. ಕಾರಣ ಹಳೇ ಆಟದ ಒಂದು ದೋಷ. ಎದುರಾಳಿಯ ಮೇಲೆ ಯಾವ ಜಾತಿಯ ವಿದ್ಯೆ ಹೆಚ್ಚು ನಾಟುತ್ತದೋ ಅದನ್ನೇ ಕಂಪ್ಯೂಟರ್ ಆರಿಸುತ್ತದೆ, ಆ ವಿದ್ಯೆಯಿಂದ ಏಟು ಬೀಳುತ್ತದೋ ಇಲ್ಲವೋ ನೋಡುವುದಿಲ್ಲ. ಹೀಗಾಗಿ ದೈತ್ಯ ಏಟು ಹಾಕದ ವಿದ್ಯೆಗಳನ್ನೇ ಮಾಡುತ್ತಾ ನಿಂತ. ಚಿಟ್ಟೆ ವಿಷ ಹಾಕಿ ಕಾಯಿತು. 1996ರ ಪ್ರೋಗ್ರಾಮರ್‌ನ ಒಂದು ಸಣ್ಣ ಕಣ್ತಪ್ಪು 2014ರಲ್ಲಿ 'ಡ್ರ್ಯಾಗನ್ ಸ್ಲೇಯರ್' ಎಂಬ ವೀರಗಾಥೆ ಆಯಿತು.

ಮಾರ್ಚ್ 1ರಂದು ಚಾಂಪಿಯನ್ ಸೋತ. ಗೆದ್ದ ತಂಡದಲ್ಲಿ ಹಕ್ಕಿ, ಮಿಂಚಿನ ಹಕ್ಕಿ, ಚಿಟ್ಟೆ ಮತ್ತು ಅವತಾರವೆತ್ತಿದ ಹೆಲಿಕ್ಸ್ ಇದ್ದವು. ಆಬಿ ಇರಲಿಲ್ಲ.

ಮರುದಿನವೇ ಅದೇ ವಾಹಿನಿಯಲ್ಲಿ ಮುಂದಿನ ಆಟ 'ಪೋಕೆಮಾನ್ ಕ್ರಿಸ್ಟಲ್' ಶುರುವಾಯಿತು. ಜನ ಕಡಿಮೆಯಾಗುತ್ತಾ ಹೋದರು. ಅದು ಸಹಜ. ಎರಡನೇ ಸಲ ಎಲ್ಲರಿಗೂ ಏನು ಮಾಡಬೇಕು ಅಂತ ಗೊತ್ತಿತ್ತು. ಹೊಸ ಪ್ರಾಣಿ ಸಿಕ್ಕಿದ ಕೂಡಲೇ ಹೆಸರು, ಪಾತ್ರ, ಧರ್ಮ ಎಲ್ಲ ಸಿದ್ಧ. ಮೊದಲ ಸಲ ತಾನಾಗಿ ಆದದ್ದನ್ನು ಈ ಸಲ ಮಾಡಿಸಬೇಕಾಗಿತ್ತು.

ಕ್ರಿಸ್ಟಲ್ ಆಟದ ಕಟ್ಟಕಡೆಯ ಎದುರಾಳಿಯ ಹೆಸರು ರೆಡ್. ಹಿಂದಿನ ಆಟದ ನಾಯಕನೇ ಅವನು. ಮೂಲದಲ್ಲಿ ಅವನಿಗೆ ಆಟ ಮಾಡಿದವರು ಕೊಟ್ಟ ಒಂದು ತಂಡ ಇರುತ್ತದೆ. ಹೆಸರಿಲ್ಲದ ಆ ಪ್ರೋಗ್ರಾಮರ್ ಅದನ್ನು ತೆಗೆದು, ಮೊದಲ ಸಲ ಗುಂಪು ಗೆದ್ದ ತಂಡವನ್ನೇ ಅಲ್ಲಿ ಇಟ್ಟರು. ಅದೇ ಹಕ್ಕಿ, ಅದೇ ಮಿಂಚು, ಅದೇ ಹೆಲಿಕ್ಸ್. ಅಷ್ಟೂ ದಿನ ಕೂಗಿ ಗೆಲ್ಲಿಸಿದವರನ್ನು ಈಗ ಚಾಟ್ ಕೂತು ಸೋಲಿಸಬೇಕಿತ್ತು. ಸೋಲಿಸಿದರು.